ಗುಡ್ಡ ಹತ್ತಿದ ಹೊಳೆ

ಮಸಿ, ಹಳೆ ಬಟ್ಟೆ, ಒಂದಿಷ್ಟು ಧೂಳು... ಬಾಲ್ಯದಲ್ಲಿ ಅಪ್ಪನ ಅಂಗಿಗೆ ಅಂಟಿಕೊಂಡು ಮನೆಗೆ ಬರುತ್ತಿದ್ದ ವಾಸನೆ ಅದು. ಅಪ್ಪ ನೀರಾವರಿ ಕಚೇರಿಯಲ್ಲಿ ನಕ್ಷೆ ಬರೆಯುತ್ತಿದ್ದವರು. ಅವರು ತೀರಿಕೊಂಡ ಮೇಲೆ ಅದೇ ಕೆಲಸ ಮಗಳಿಗೆ ಬಂತು. ಎಲ್ಲರ ಬಾಯಲ್ಲೂ ಅವಳು ನಕ್ಷೆಯಮ್ಮ.

ಆ ಬೆಳಿಗ್ಗೆ ಅವಳು ನಕ್ಷೆಗಳ ಬೀರು ತೆರೆದಾಗ ಅದೇ ವಾಸನೆ ಹೊಮ್ಮಿತು, ಹಿಂದೆ ಯಾರೋ ಉಸಿರೆಳೆದುಕೊಂಡ ಸದ್ದು. ತಿರುಗಿದರೆ ಕೇಂದ್ರ ಕಚೇರಿಯಿಂದ ಬಂದ ಕಂಪ್ಯೂಟರ್ ತಜ್ಞ.

"ಒಳ್ಳೇ ವಾಸನೆ," ಎಂದ.

ಅಷ್ಟೇ. ಆ ಎರಡು ಮಾತು ಅವಳ ಎದೆಯಲ್ಲಿ ಮನೆ ಮಾಡಿಬಿಟ್ಟವು.

ಅವನು ಬಂದದ್ದು ಸಾಫ್ಟ್‌ವೇರ್ ಆರಿಸಲು. ಕೆರೆ, ಕಾಲುವೆ, ಬಾವಿಗಳನ್ನೆಲ್ಲ ಒಂದೇ ನಕ್ಷೆಗೆ ತಂದು, ನೀರು ಕಡಿಮೆಯಾದಾಗ ಯಾವ ಕಾಲುವೆಗೆ ಮೊದಲು ಬಿಡಬೇಕೆಂದು ತಿಳಿಸುವಂಥದ್ದು. ಕಣದಲ್ಲಿ ಎರಡಿದ್ದವು. ದುಬಾರಿಯದು ಗೆದ್ದರೆ ಅದನ್ನು ನಡೆಸಲು ಅವನು ಬಡ್ತಿ ಪಡೆದು ಕೇಂದ್ರ ಕಚೇರಿಗೆ ಮರಳುವನು. ಉಚಿತದ್ದು ಗೆದ್ದರೆ ಅದನ್ನು ನೋಡಿಕೊಳ್ಳಲು ಅವನು ಇಲ್ಲೇ ಉಳಿಯುವನು. ಮೂಗಿಗಿಂತ ಮೂಗುತಿ ಭಾರ ಎಂದು ಕಚೇರಿಯ ಸಾಹೇಬರು ದುಬಾರಿಯದರ ಬಗ್ಗೆ ಗೊಣಗಿದಾಗ, ನಕ್ಷೆಯಮ್ಮ ಆ ಮೂಗುತಿಗೆ ಮನಸ್ಸಿನಲ್ಲೇ ಶಾಪ ಹಾಕಿದ್ದಳು.

ಬೇಸಿಗೆಯೆಲ್ಲ ಇಬ್ಬರೂ ಎದುರುಬದುರು ಕೂತು ಕೆಲಸ ಮಾಡಿದರು. ಅವಳ ಕಣ್ಣಿಗೆ ಬಿಸಿಲು ಹೊಡೆದರೆ ಅವನು ಎದ್ದು ಪರದೆ ಎಳೆಯುತ್ತಿದ್ದ. ಮತ್ತೆ ಬಂದು ಕೆಲಸದಲ್ಲಿ ಮುಳುಗುತ್ತಿದ್ದ.

'ಏನಾದರೂ ಹೇಳಬಾರದೇ...' ಎಂದು ಅವಳು ಕಾದಳು.

ಕೊನೆಯ ಸಭೆಯಲ್ಲಿ, ಉಚಿತ ಸಾಫ್ಟ್‌ವೇರಿನ ಪರದೆಯ ಮೇಲೆ ಹೊಳೆ ಗುಡ್ಡ ಹತ್ತಿ ಹರಿಯಿತು! ಹೊಳೆಗೂ ಬಡ್ತಿ ಸಿಕ್ಕಿದೆ ಎಂದು ಯಾರೋ ಚುಚ್ಚಿದರು. ಎಲ್ಲರೂ ನಕ್ಕರು. ದುಬಾರಿಯದಕ್ಕೇ ಸಹಿ ಹಾಕಲು ಸಾಹೇಬರು ಪೆನ್ನು ತೆರೆದರು.

ಅವನು ಎದ್ದು ನಿಂತ.

"ತಪ್ಪು ಸಾಫ್ಟ್‌ವೇರಿಂದಲ್ಲ ಸರ್. ಹೊಳೆಯ ನಕ್ಷೆ ಹಳೇ ಸರ್ವೆ ಅಳತೆಯದು. ಇನ್ನೊಂದಕ್ಕೆ ಅದರ ಕಂಪನಿಯವರೇ ಹೊಸ ಅಳತೆಗೆ ಬದಲಿಸಿ ಹಾಕಿದ್ರು, ಇದಕ್ಕೆ ಬದಲಿಸದೆ ಹಾಕಿದಾರೆ. ಅದಕ್ಕೇ ಹೊಳೆ ಪಕ್ಕಕ್ಕೆ ಸರಿದು ಗುಡ್ಡದ ಮೇಲೆ ಬಿದ್ದಿದೆ."

ಹಾಕಿದವಳು ನಕ್ಷೆಯಮ್ಮನೇ. ಆ ನಕ್ಷೆಯಲ್ಲಿ ಅಪ್ಪ ಕೈಯಾರೆ ಎಳೆದ ಗೆರೆ ಅಲುಗಿಸಲು ಮನಸ್ಸು ಬಾರದೆ ಇದ್ದ ಹಾಗೇ ಹಾಕಿದ್ದಳು. ಎಲ್ಲರ ಕಣ್ಣೂ ಅವಳ ಕಡೆ ತಿರುಗಿದವು. ಅವಳು ಎದ್ದು ಬೀರುವಿನ ಕೋಣೆ ಸೇರಿಕೊಂಡಳು. ಊಟಕ್ಕೂ ಹೋಗಲಿಲ್ಲ.

ಮಧ್ಯಾಹ್ನ ಅವನು ಬಾಗಿಲಲ್ಲಿ ನಿಂತ.

"ಅಷ್ಟು ಜನರ ಮುಂದೆ ಮರ್ಯಾದೆ ತೆಗೆದ್ರಲ್ಲ... ನನ್ನ ಹತ್ರ ಒಂದು ಮಾತು ಹೇಳಬಾರದಿತ್ತಾ?"

"ನನಗೂ ಆಗಲೇ ಗೊತ್ತಾಗಿದ್ದು. ಸುಮ್ಮನಿದ್ದಿದ್ರೆ ಸಹಿ ಬಿದ್ದುಹೋಗ್ತಿತ್ತು. ನಾನು ಹೊರಟುಬಿಡಬೇಕಾಗ್ತಿತ್ತು."

"ಬಡ್ತಿ ಬೇಡವಾಗಿತ್ತಾ?"

"ಈ ವಾಸನೆ ಅಲ್ಲಿಲ್ಲ," ಎಂದ. ಬಾಗಿಲು ಬಿಟ್ಟು ಒಳಗೆ ಬಂದು, "ನೀವೂ ಇಲ್ಲ," ಎಂದ.

ಅವಳ ಕಣ್ಣು ತುಂಬಿ ಬಂತು. ಅಳತೆ ಬದಲಿಸಿದ್ದಾಯಿತು, ಹೊಳೆ ತಗ್ಗಿಗೆ ಇಳಿಯಿತು, ಸಾಹೇಬರು ಉಚಿತದ್ದಕ್ಕೇ ಸಹಿ ಹಾಕಿದರು ಎಂದು ಅವನು ಮೆಲ್ಲಗೆ ತಿಳಿಸಿದ.

"ಅಪ್ಪನ ಗೆರೆ?"

"ಒಂದೂ ಕೆಟ್ಟಿಲ್ಲ. ಅವರು ಬರೆದ ತಿರುವೆಲ್ಲ ಹಾಗೇ ಇದೆ."

ಅವಳು ನಕ್ಷೆಗಳನ್ನು ಸುತ್ತಿಟ್ಟು ಬೆಂಚಿನ ಮೇಲೆ ಜಾಗ ಮಾಡಿದಳು. ಅವನು ಕೂತು ತನ್ನ ಡಬ್ಬಿ ಬಿಚ್ಚಿದ. ಅರ್ಧ ಊಟವನ್ನು ಮುಚ್ಚಳಕ್ಕೆ ಹಾಕಿಕೊಂಡ. ಡಬ್ಬಿಯನ್ನು ಅವಳ ಕೈಗಿಟ್ಟ.