ಎಕೋ ಬೇಡ

ಅವನನ್ನು ಮೊದಲ ಸಲ ಕಂಡ ದಿನವೇ ಅವನ ಮೇಲೆ ರೇಗಿದ್ದೆ. ನಮ್ಮ ಬ್ಯಾಂಡು ಹಾಡುವ ಬಾರಿನಲ್ಲಿ ಸೌಂಡ್ ಚೆಕ್ ಮಾಡುವಾಗ ನನ್ನ ದನಿಗೆ ಎಕೋ ಹಾಕಿದ್ದ. "ನಾನೇನು ಬಾವಿಯೊಳಗೆ ಬಿದ್ದು ಹಾಡ್ತಿದೀನಾ ಸ್ವಾಮಿ? ಎಕೋ ತೆಗೀರಿ" ಎಂದು ಮೈಕಿನಲ್ಲೇ ಹೇಳಿಬಿಟ್ಟೆ. ಬಾರಿನಲ್ಲಿದ್ದವರೆಲ್ಲ ನಕ್ಕರು. ಅವನು ತಲೆ ಎತ್ತಲಿಲ್ಲ, ಗುಂಡಿ ತಿರುಗಿಸಿದ, ಅಷ್ಟೆ. ಅಂದಿನಿಂದ ನನ್ನ ಒಂದು ಹಾಡಿಗೂ ಎಕೋ ಬರಲಿಲ್ಲ.

ಮಾತು ಕಮ್ಮಿ ಅಂತ ಬಾರಿನವರು ಅವನಿಗೆ ಮೌನಿ ಎಂದು ಹೆಸರಿಟ್ಟಿದ್ದರು. ಬಾಗಿಲ ಪಕ್ಕದ ಮೂಲೆಯಲ್ಲಿ ಮೈಕುಗಳ ದನಿ ಏರಿಸಿ ಇಳಿಸುವ ಅವನ ಮಿಕ್ಸರ್. ಕಿವಿಗೆ ಹೆಡ್‌ಫೋನ್, ಮೂಗಿನ ಮೇಲೆ ಜಾರುತ್ತಲೇ ಇರುವ ಕನ್ನಡಕ. ಹಾಡು ಮುಗಿದ ಕೂಡಲೇ ನನ್ನ ಮೈಕನ್ನು ಮ್ಯೂಟ್ ಮಾಡುತ್ತಿದ್ದ. ನನ್ನ ಕೆಮ್ಮು, ಗಿಟಾರ್ ನುಡಿಸುವ ತಮ್ಮನ ಜೊತೆಗಿನ ನನ್ನ ಜಗಳ, ಇವೆಲ್ಲ ಜನಕ್ಕೆ ಕೇಳಬಾರದಲ್ಲ.

ಒಮ್ಮೆ ಎರಡು ಹಾಡಿನ ನಡುವೆ ಗಂಟಲು ಒಣಗಿತು ಎಂದು ಗೊಣಗಿದೆ. ಮುಂದಿನ ಹಾಡು ಮುಗಿಯುವಷ್ಟರಲ್ಲಿ ವೇಟರ್ ಬಿಸಿನೀರು ತಂದಿಟ್ಟ. ಇನ್ನೊಮ್ಮೆ ಲೈಟು ಕಣ್ಣಿಗೆ ಹೊಡೀತಿದೆ ಅಂದೆ, ಲೈಟು ಓರೆಯಾಯಿತು. ಇದೇನು ಮಾಯ ಎಂದು ತಮ್ಮನನ್ನು ಕೇಳಿದರೆ ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಮ್ಯೂಟ್ ಅನ್ನುವುದು ಹೊರಗಿನ ಸ್ಪೀಕರುಗಳಿಗೆ ಮಾತ್ರವಂತೆ, ಮೌನಿಯ ಹೆಡ್‌ಫೋನಿಗೆ ಎಲ್ಲವೂ ಕೇಳುತ್ತಲೇ ಇರುತ್ತದಂತೆ.

ನಾಚಿಕೆಯಿಂದ ಬಾಯಿ ಮುಚ್ಚಿಕೊಳ್ಳಬೇಕಿತ್ತು. ನನ್ನ ಜಾಯಮಾನ ಅದಲ್ಲ. ಗೊತ್ತಿಲ್ಲದವಳ ಹಾಗೆ ನಟಿಸುತ್ತಾ ಇನ್ನೂ ಹೆಚ್ಚು ಮಾತಾಡತೊಡಗಿದೆ. ಮುಖ ತಮ್ಮನ ಕಡೆ, ಮಾತು ಮೌನಿಗೆ. "ಪಾಪ, ಆ ಬಿಳಿ ಶರ್ಟು ಮೌನಿಗೆ ಒಂಚೂರೂ ಒಪ್ಪಲ್ಲ ಅಲ್ವೇನೋ?" ಎಂದೆ ಒಂದು ದಿನ. ಮರುವಾರ ನೀಲಿ ಶರ್ಟಿನಲ್ಲಿ ಬಂದ. ಅವನು ನಗು ತಡೆಯಲು ತುಟಿ ಕಚ್ಚಿಕೊಳ್ಳುವುದು ವೇದಿಕೆಯಿಂದ ಕಾಣುತ್ತಿತ್ತು. ಎದುರಿಗೆ ಸಿಕ್ಕರೆ ಮಾತ್ರ ನಾವಿಬ್ಬರೂ 'ನೀವು', 'ಹೌದಾ', 'ಬರ್ತೀನಿ'. ನನಗೆ ಆ ಆಟ ಎಷ್ಟು ಹಿಡಿಸಿತ್ತೆಂದರೆ, ಅದು ಪ್ರೀತಿ ಎಂದು ತಿಳಿಯುವ ಹೊತ್ತಿಗೆ ತೀರಾ ಒಳಗೆ ಇಳಿದಿತ್ತು.

ಚಳಿಗಾಲದಲ್ಲಿ ನಮ್ಮ ಅಕ್ಕ ಹೋಗಿಬಿಟ್ಟಳು. ರಕ್ತದ ಕಾಯಿಲೆ, ಹಾಸಿಗೆ ಹಿಡಿದವಳು ಏಳಲೇ ಇಲ್ಲ. ಅವಳ ನಾಲ್ಕು ವರ್ಷದ ಪುಟ್ಟಿಗೆ ತಾಯಿ ಬೇಕು, ಎಲ್ಲಿಂದಲೋ ಬರುವವಳಿಗಿಂತ ಭಾವನನ್ನು ನೀನೇ ಮದುವೆಯಾಗು ಎಂದು ಅಮ್ಮ ಹಿಡಿದ ಪಟ್ಟು ಬಿಡಲಿಲ್ಲ. ಭಾವ ಕೆಟ್ಟವರಾಗಿದ್ದರೆ ಎಷ್ಟು ಚೆನ್ನಾಗಿತ್ತು! ಮನಸ್ಸಿಲ್ಲದಿದ್ದರೆ ಹೇಳು, ಅತ್ತೆಗೆ ನಾನೇ ಹೇಳಿಕೊಳ್ಳುತ್ತೇನೆ ಅಂದಿದ್ದರು. ಅಂಥವರನ್ನು ದ್ವೇಷಿಸುವುದಾದರೂ ಹೇಗೆ? ಹೋದ ವಾರ ಹಾಡಿನ ನಡುವೆ ತಮ್ಮನ ಭುಜಕ್ಕೆ ಹಣೆ ಆನಿಸಿ ಇದನ್ನೆಲ್ಲ ಹೇಳಿಕೊಂಡು ಅತ್ತುಬಿಟ್ಟೆ. ಅವತ್ತು ಮೈಕ್ ಇರುವುದು ನನಗೆ ನಿಜಕ್ಕೂ ಮರೆತುಹೋಗಿತ್ತು.

ಇವತ್ತು ಊರಿನ ಬ್ಯಾಂಡುಗಳೆಲ್ಲ ಒಂದಾದ ಮೇಲೊಂದು ನುಡಿಸುವ ಸಂಜೆ. ಚಿಕ್ಕ ಬಾರು ಕಾಲಿಡಲು ಜಾಗವಿಲ್ಲದಂತೆ ತುಂಬಿತ್ತು. ಕಿಟಕಿ ಕಟ್ಟೆಯ ಮೇಲೂ ಜನ, ನೆಲದ ಮೇಲೆಲ್ಲ ಚೆಲ್ಲಿದ ಬಿಯರು. ಭಾವ ಟೈರ್ ಅಂಗಡಿ ಮುಚ್ಚಿ ನೇರವಾಗಿ ಬಂದು, ಉಗುರಿನ ಕಪ್ಪು ಹಾಗೇ ಇದ್ದ ಕೈಯಲ್ಲಿ ಸೋಡಾ ಹಿಡಿದು ಮೂಲೆಯಲ್ಲಿ ಕೂತಿದ್ದರು. ಉತ್ತರ ಇವತ್ತು ಕೊಡುತ್ತೇನೆ ಎಂದು ನಾನೇ ಹೇಳಿದ್ದೆ.

ಕೊನೆಯ ಹಾಡಿಗೆ ಮುಂಚೆ ತಮ್ಮ ತಂತಿ ಶ್ರುತಿ ಮಾಡಿಕೊಳ್ಳುತ್ತಿದ್ದ. ನಾನು ಅವನಿಗೆ ಬೆನ್ನು ಹಾಕಿ ಮಿಕ್ಸರ್ ಕಡೆಗೇ ತಿರುಗಿದೆ. ಮ್ಯೂಟ್ ಆಗಿದ್ದ ಮೈಕಿಗೆ ತುಟಿ ತಾಗಿಸಿದೆ.

"ಇದು ತಮ್ಮನಿಗಲ್ಲ, ನಿನಗೇ ಹೇಳ್ತಿರೋದು. ಭಾವ ಉತ್ತರ ಕೇಳೋಕೆ ಬಂದಿದಾರೆ. ನನಗೆ ನೀನು ಬೇಕು. ನಿನಗೂ ನಾನು ಬೇಕಿದ್ರೆ ಈ ಹಾಡಿಗೆ ಎಕೋ ಹಾಕು, ಭಾವನಿಗೆ ಆಗಲ್ಲ ಅಂತೀನಿ. ಇಲ್ಲಾಂದ್ರೆ ಬಿಡು, ಕೇಳಿಸ್ಲೇ ಇಲ್ಲ ಅನ್ಕೋ."

ನಡುವೆ ಅಷ್ಟೊಂದು ತಲೆಗಳು. ಹೆಡ್‌ಫೋನ್ ಅವನ ಕಿವಿಗಿತ್ತೋ ಕುತ್ತಿಗೆಗಿತ್ತೋ ಕಾಣಲಿಲ್ಲ. ಅದನ್ನು ನೋಡಬೇಕೆಂದು ನನಗೆ ತೋಚಲೂ ಇಲ್ಲ.

ಹಾಡಿದೆ. ಪ್ರತಿ ಸಾಲಿನ ಕೊನೆಯಲ್ಲಿ ಒಂದು ಕ್ಷಣ ಕಾದೆ. ನನ್ನ ದನಿ ಒಣದಾಗಿ, ಸ್ಪಷ್ಟವಾಗಿ ಹೋಗಿ ಗೋಡೆ ಮುಟ್ಟಿತು, ಮರಳಿ ಬರಲಿಲ್ಲ. ಹಾಡು ಮುಗಿಯುವವರೆಗೂ ಆಸೆ ಇಟ್ಟುಕೊಂಡಿದ್ದೆ. ಜನ ಜೋರಾಗಿ ಚಪ್ಪಾಳೆ ತಟ್ಟಿದರು.

ಇಳಿದು ಹೋಗಿ ಭಾವನಿಗೆ ಆಗಲಿ ಎಂದೆ. ಅವರ ಕಣ್ಣು ತುಂಬಿತು. ಅಲ್ಲಿಂದಲೇ ಮನೆಗೆ ಫೋನ್ ಮಾಡಿ ನನ್ನ ಕೈಗೆ ಕೊಟ್ಟರು. ಇನ್ನೊಂದು ಬ್ಯಾಂಡಿನ ಡ್ರಮ್ಮಿನ ಅಬ್ಬರಕ್ಕೆ ಒಂದು ಕಿವಿ ಮುಚ್ಚಿಕೊಂಡೆ. ಆ ಕಡೆ ಪುಟ್ಟಿ.

"ಚಿಕ್ಕಿ, ನೀನು ಇನ್ಮೇಲೆ ನಮ್ಮನೇಲೇ ಇರ್ತೀಯಂತೆ? ಆಸ್ಪತ್ರೆಗೆ ಹೋಗ್ಬಿಡಲ್ಲ ತಾನೆ?"

"ಇಲ್ಲ ಪುಟ್ಟಾ, ಎಲ್ಲೂ ಹೋಗಲ್ಲ."

ಕೊನೆಗೆ ಎಲ್ಲ ಬ್ಯಾಂಡಿನವರೂ ಸೇರಿ ಒಂದು ಹಾಡು ಹಾಡಬೇಕೆಂದು ಬಾರಿನ ಒಡತಿ ಕೂಗಿ ಕರೆದಳು. ತಮ್ಮ ಎಲ್ಲಿಂದಲೋ ಏದುಸಿರು ಬಿಡುತ್ತಾ ಓಡಿ ಬಂದು ವೇದಿಕೆ ಹತ್ತಿದ. ನನ್ನ ಪಾಲಿನ ಸಾಲು ಬಂತು, ಹಾಡಿದೆ. ದನಿ ಮರಳಿ ಬಂತು. ಮತ್ತೆ ಬಂತು. ಇಡೀ ಬಾರು ನನ್ನ ದನಿಯಿಂದಲೇ ತುಂಬಿಹೋಯಿತು. ಮೌನಿ ಎದ್ದು ನಿಂತಿದ್ದ. ಮೊದಲ ಬಾರಿಗೆ ತಲೆ ಎತ್ತಿ, ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತಿದ್ದ. ಮುಂದಿನ ಸಾಲು ನನ್ನಿಂದ ಹಾಡಲಾಗಲಿಲ್ಲ.

ಹಾಡು ಮುಗಿದ ಮೇಲೆ ಅವನ ಬಳಿ ಹೋದೆ.

"ಇವತ್ತು ಹೆಡ್‌ಫೋನ್ ತೆಗೆದಿಟ್ಟಿದ್ದೆ" ಎಂದ. "ಹೋದ ವಾರ ನೀವು ಅತ್ತಿದ್ದು ಕೇಳಿಸ್ತು. ಕದ್ದು ಕೇಳೋದು ತಪ್ಪು ಅನ್ನಿಸ್ತು. ನಿಮ್ಮ ಹಿಂದೆ ನಿಂತಿದ್ದ ತಮ್ಮ ಎಲ್ಲಾ ಕೇಳಿಸ್ಕೊಂಡು, ಈಗ ಬಂದು ಹೇಳಿದ್ರು."

"ಕದ್ದು ಕೇಳೋದು ಯಾವಾಗ ಬಿಟ್ರಿ?"

"ಇವತ್ತಿಂದ."

ನಗು ಬಂತು, ಅದರ ಬೆನ್ನಿಗೇ ಅಳು. ಪುಟ್ಟಿಗೆ ಮಾತು ಕೊಟ್ಟಾಯಿತು ಎಂದೆ. ಅವನಿಗೆ ಅರ್ಥವಾಯಿತು. ವಾದ ಮಾಡಲಿಲ್ಲ, ಕೈ ಹಿಡಿಯಲಿಲ್ಲ. "ನೀವು ಹುಷಾರು" ಎಂದ. ಆಗಲಾದರೂ ಒಂದು ಸಲ 'ನೀನು' ಅನ್ನಬಾರದಿತ್ತೇ ಎಂದು ಸಿಟ್ಟು ಬಂತು. ಅವನು ಆಗಲೇ ಬಗ್ಗಿ ನನ್ನ ಮೈಕಿನ ವೈರು ಸುತ್ತುತ್ತಿದ್ದ. ಕನ್ನಡಕ ಜಾರಿ ನೆಲಕ್ಕೆ ಬಿತ್ತು. ಅದನ್ನು ಎತ್ತಿ ಕೊಟ್ಟು ಹೊರಗೆ ಬಂದೆ.

ಕಾರಿನಲ್ಲಿ ಭಾವ ಏನಾದರೂ ಮಾತಾಡಬೇಕೆಂದು ಮಾತಾಡಿದರು.

"ಕೊನೇ ಹಾಡಲ್ಲಿ ನಿನ್ನ ದನಿ ಮತ್ತೆ ಮತ್ತೆ ಬರ್ತಿತ್ತಲ್ಲ, ಎಷ್ಟು ಚೆನ್ನಾಗಿತ್ತು. ಮೊದಲಿಂದಾನೇ ಯಾಕೆ ಹಾಗೆ ಮಾಡಲಿಲ್ಲ ಅವರು?"

"ನಾನೇ ಬೇಡ ಅಂದಿದ್ದೆ ಭಾವ."

"ಅಯ್ಯೋ, ಯಾಕೆ ಬೇಡ ಅಂದೆ? ಇನ್ಮೇಲೆ ಹಾಕ್ಸ್ಕೋ" ಎಂದರು ಪಾಪ.

ಹೂಂ ಎಂದೆ.