‘ನಂದು’ ಅಂದವನ ಮತ್ತಿಮರ

“ಏನರ ಅನ್ರಿ ಸಾವಕಾರ್ರ, ಇಲ್ಲಿ ನಿಂತು ‘ನಂದು’ ಅಂತ ಮಾತ್ರ ಅನಬ್ಯಾಡ್ರಿ,” ಎಂದ ಜಾನು ವೇಳಿಪ. ಜೋಯಿಡಾ ಕಾಡಿನ ಕುಣಬಿ ಬುಡಕಟ್ಟಿನ ಆ ಮುದುಕ ಕೈ ಮುಗಿದು ನಿಂತಿದ್ದ.

ಹಳಿಯಾಳದ ಕಟ್ಟಿಗೆ ಗುತ್ತಿಗೆದಾರ ನಾಗಲಿಂಗಪ್ಪ ಹೊಟ್ಟೆ ಕುಣಿಸಿ ನಕ್ಕ. ಮಹಾಯುದ್ಧ ನಡೆದಿತ್ತು, ರೈಲುದಾರಿಗೆ ಎಷ್ಟು ತೊಲೆ ಕೊಟ್ಟರೂ ಸಾಲುತ್ತಿರಲಿಲ್ಲ. ಅವನ ಕಣ್ಣು ಬಿದ್ದದ್ದು ಕುಣಬಿಗಳು ದೇವರಿಗೆ ಬಿಟ್ಟ ಈ ಕಾಡಿನ ಮೇಲೆ. ಇಲ್ಲಿ ಅವರು ಬಿದ್ದ ಟೊಂಗೆಯನ್ನೂ ಎತ್ತುವುದಿಲ್ಲ. ಔಷಧಕ್ಕೆ ಚೂರು ತೊಗಟೆ ಕೆತ್ತಿದರೂ ಗಾಯಕ್ಕೆ ಸೆಗಣಿ-ಮಣ್ಣು ಮೆತ್ತಿ, ತಪ್ಪಾಯಿತೆಂದು ಮರಕ್ಕೆ ಹೇಳಿ ಬರುತ್ತಾರೆ. ಎದುರಿನ ಮತ್ತಿಮರವೋ, ಅದನ್ನು ಸುತ್ತು ಹಾಕಲು ಹೊರಟ ನಾಯಿ ನಡುದಾರಿಯಲ್ಲಿ ಮಲಗಿ ದಣಿವಾರಿಸಿಕೊಳ್ಳಬೇಕು, ಅಷ್ಟು ದಪ್ಪ.

“ಅಂದ್ರ ಏನಾಕ್ಕೈತಿ?”

“ನೀವು ಮರಕ್ಕ ನಂದು ಅಂದ್ರ, ಮರಾನೂ ನಿಮಗ ಹಂಗ ಅಂತೈತ್ರಿ. ಆಮ್ಯಾಲ ಬಿಡೂದಿಲ್ಲ.”

“ನನ್ನ ಹೆಂಡ್ತಿನೂ ಹಂಗ ಅಂತಾಳ ತಗೋ.” ನಾಗಲಿಂಗಪ್ಪ ಕಾಂಡಕ್ಕೆ ಅಂಗೈ ಬಡಿದ. “ನಂದು. ಗೌಸ, ಹಾಕು ಕೊಡಲಿ.”

ಜೀರುಂಡೆಗಳು ಒಮ್ಮೆಲೇ ಬಾಯಿ ಮುಚ್ಚಿದವು. ಹಾಡಹಗಲೇ ಎಲೆಗಳ ಕೆಳಗೆ ಕತ್ತಲು ಇಳಿಯಿತು. ಎಲ್ಲಿಂದಲೋ ಹಸಿ ನೆತ್ತರಿನ ವಾಸನೆ.

ಮರ ಕಡಿಯುವ ಗೌಸ ಕೊಡಲಿ ಬೀಸಿದ. ಕಚ್.

ಸಾವಕಾರ ಕುಸಿದ. ಧೋತರ ಕೆಂಪಾಯಿತು. ಮೀನಖಂಡ ಎಲುಬಿನ ತನಕ ಬಾಯಿ ತೆರೆದಿತ್ತು. ಮರದ ಗಾಯ ಎಷ್ಟುದ್ದವೋ ಅಷ್ಟೇ ಉದ್ದ.

“ಯಾ ಅಲ್ಲಾ, ನಾ ನಿಮ್ಮನ್ನ ಮುಟ್ಟಿಲ್ರಿ,” ಎಂದ ಗೌಸ, ಕೊಡಲಿ ಎಸೆದು ಓಡಿದ.

ಮುದುಕ ಬೈಯಲೂ ಇಲ್ಲ, ಮರುಗಲೂ ಇಲ್ಲ. ಸೆಗಣಿ-ಮಣ್ಣು ಕಲಸಿ ಮರದ ಗಾಯಕ್ಕೆ ಮೆತ್ತಿದ. ಇತ್ತ ಕಾಲಿನ ನೆತ್ತರು ನಿಂತಿತು. ಗಾಯದ ಮೇಲೆ ಕಪ್ಪಗೆ, ಒರಟಾಗಿ ತೊಗಟೆ ಕೂಡಿಕೊಂಡಿತು.

“ನಾ ಮನಿಗೆ ಹೋಗ್ಲೇನು?” ನಾಗಲಿಂಗಪ್ಪ ಮಗುವಿನಂತೆ ಕೇಳಿದ.

“ಯಾರು ಬ್ಯಾಡ ಅಂದ್ರು? ಹೋಗ್ರಿ. ಕಾಡಿನ್ಯಾಗ ಕೊಡಲಿ ಹಿಡದವ್ರು ನೀವೊಬ್ರ ಅಲ್ಲ, ಅಷ್ಟ.”

ಜಾನು ಹೊರಟುಹೋದ. ನಾಗಲಿಂಗಪ್ಪ ಎದ್ದ. ನಾಲ್ಕು ಹೆಜ್ಜೆ ಇಟ್ಟ. ದೂರದಲ್ಲಿ ಯಾರೋ ಕಟ್ಟಿಗೆ ಕಡಿಯುವ ಸದ್ದು. ಓಡಿ ಬಂದು ಮರವನ್ನು ತಬ್ಬಿಕೊಂಡ.

ಆಗ ಸುತ್ತಲಿನ ಮೋಟುಗಳು ಕೆಮ್ಮಿದವು.

ಮೋಟುಗಳಲ್ಲ, ಮನುಷ್ಯರು. ಒಂದೊಂದು ಹೆಮ್ಮರದ ಬುಡಕ್ಕೆ ಒಬ್ಬೊಬ್ಬ. ಮೊಣಕಾಲಿನ ತನಕ ಗಡ್ಡ, ಕೈಯಲ್ಲಿ ಬಡಿಗೆ, ತಲೆಗೆ ಹರಿದ ರೇಷ್ಮೆ ರುಮಾಲು, ಮೈಮೇಲೆ ಕರಿ ಕೋಟು. ಪಕ್ಕದ ಮರದವನು ಹಲ್ಲಿಲ್ಲದ ಬಾಯಿ ಅಗಲಿಸಿದ.

“ಬರ್ರಿ, ಬರ್ರಿ. ನಂದು ಧಾರವಾಡ. ಎಲಿ-ಅಡಿಕಿ ಐತೇನ್ರಿ?”

ನಾಗಲಿಂಗಪ್ಪ ಮರಕ್ಕೆ ಇನ್ನಷ್ಟು ಅಂಟಿಕೊಂಡ.

“ಹೆದರಬ್ಯಾಡ್ರಿ. ಕೊಡಲಿಯವ್ರು ಬಂದ್ರ ಎಲ್ಲಾರೂ ಕೂಡಿ ಬಡದು ಓಡಸ್ತೇವಿ.” ಅವನು ಮೇಲೆ ನೋಡಿದ. ನಗು ಆರಿತು. “ಅದಕ್ಕ ಮಾತ್ರ ಯಾರೂ ಏನೂ ಮಾಡಾಕ ಬರೂದಿಲ್ಲ.”

ಮತ್ತಿಮರದ ತುದಿಗೆ ಕೆಂಪು ಜುಟ್ಟಿನ ಮರಕುಟುಕ ಬಂದು ಕೂತಿತು.

ಟಕ್.

ನಾಗಲಿಂಗಪ್ಪನ ನೆತ್ತಿ ಬಿರಿಯಿತು. ಟಕ್. ಟಕ್. ಕೈ ಒತ್ತಿ ಹಿಡಿದ. ಬೆರಳ ಸಂದಿನಲ್ಲಿ ನೆತ್ತರು. ಕಲ್ಲು ಎಸೆದ. ಮುಟ್ಟಲಿಲ್ಲ. ಚೀರಿದ.

ಹಕ್ಕಿ ತಲೆ ಓರೆ ಮಾಡಿ ಕೆಳಗೆ ನೋಡಿತು. ಜಾಗ ಹಿಡಿಸಿತು. ಗೂಡು ಕೊರೆಯತೊಡಗಿತು.