ಅಮರಪ್ಪನ ಕೊನೆಯ ಸ್ಥಾನ

ಪ್ರತಿ ಸೋಮವಾರ, ಸಗರದ ಹೈಸ್ಕೂಲಿನಲ್ಲಿ ಪ್ರಾರ್ಥನೆ ಮುಗಿದು ಮಕ್ಕಳು ಒಳಗೆ ಹೋದ ಮೇಲೆ, ಆಟದ ಟೀಚರ್ ದೇವಕಮ್ಮ ಬೇವಿನ ಮರದ ಕೆಳಗೆ ಕೂತು ಒಬ್ಬ ಮನುಷ್ಯನ ಮಾನ ಕಳೆಯುತ್ತಿದ್ದಳು. ಹತ್ತೊಂಬತ್ತು ವಾರಗಳಿಂದ ಅದೇ ಮನುಷ್ಯ, ಅದೇ ಮಾನ. ಮೊಬೈಲಿನಲ್ಲಿ "ಈ ವಾರದ ಬಡ ತಂಡಗಳು" ಎಂದು ತಲೆಬರಹ ಕೊಟ್ಟು, ಕೆಳಗಿನಿಂದ ಎಣಿಸುತ್ತ, ಮೊದಲ ಸಾಲಿಗೇ ಅಮರಪ್ಪನ ಹೆಸರು ಹಾಕಿ ಅದಕ್ಕೆ ಉಪ್ಪು ಖಾರ ಸವರುತ್ತಿದ್ದಳು.

"ಎತ್ತು ಏರಿಗೆ, ಕೋಣ ನೀರಿಗೆ ಅಂತಾರ. ಅಮರಪ್ಪನೋರ ತಂಡದಾಗ ಎತ್ತೇ ಇಲ್ಲ" ಎಂದು ಅವಳು ಬರೆದರೆ ಗುಂಪಿನವರೆಲ್ಲ ನಕ್ಕು ಸುಸ್ತಾಗುತ್ತಿದ್ದರು. ಅಮರಪ್ಪನಿಂದ ಮಾತ್ರ ಯಾವಾಗಲೂ ಎರಡೇ ಮಾತು ಬರುತ್ತಿತ್ತು. "ಹೌದ್ರಿ ಟೀಚರ್."

ಅದು ಸುರಪುರದ ಕಾಲೇಜಿನಲ್ಲಿ ಜೊತೆಗೆ ಬಾಸ್ಕೆಟ್‌ಬಾಲ್ ಆಡಿದ ಎಂಟು ಜನರ ಗುಂಪು. ದೇವಕಮ್ಮನೂ ಅವಳ ಅಣ್ಣ ಅಂಬ್ರಪ್ಪನೂ ಅದರಲ್ಲಿದ್ದರು. ಕಾಲೇಜು ಮುಗಿದು ಒಬ್ಬೊಬ್ಬರು ಒಂದೊಂದು ದಿಕ್ಕಾದ ಮೇಲೆ, ಫೋನಿನಲ್ಲಿ ಆಡುವ ಈ ಫ್ಯಾಂಟಸಿ ಲೀಗ್ ಹಿಡಿದಿದ್ದರು. ಅಮೆರಿಕದ ಆಟಗಾರರಲ್ಲಿ ತಲಾ ಹದಿಮೂರು ಜನರನ್ನು ಸರದಿಯ ಮೇಲೆ ಆರಿಸಿಕೊಳ್ಳಬೇಕು. ಅವರು ಅಲ್ಲಿ ನಿಜವಾಗಿ ಗಳಿಸಿದ ಪಾಯಿಂಟು ಇಲ್ಲಿ ಆರಿಸಿದವರ ತಂಡಕ್ಕೆ ಸೇರುತ್ತದೆ. ಹತ್ತು ಜನ ಆಡುತ್ತಾರೆ, ಮೂವರು ಬೆಂಚಿನಲ್ಲಿ ಕೂರುತ್ತಾರೆ, ಬೆಂಚಿನವರ ಪಾಯಿಂಟು ಲೆಕ್ಕಕ್ಕಿಲ್ಲ. ಇಪ್ಪತ್ತೆರಡು ವಾರ ಮುಗಿದಾಗ ಎಲ್ಲರಿಗಿಂತ ಕೆಳಗಿರುವ ತಂಡವನ್ನು ಲೀಗಿನಿಂದ ಅಳಿಸಿ ಹೊಸಬರಿಗೆ ಜಾಗ ಕೊಡುವುದು ಅವರೇ ಮಾಡಿಕೊಂಡ ಕಾನೂನು. ಶಹಾಪುರದ ಬಸ್‌ಸ್ಟ್ಯಾಂಡಿನ ಎದುರು ಮೊಬೈಲ್ ಅಂಗಡಿ ಇಟ್ಟಿದ್ದ ಖಾಜಾಹುಸೇನ ಆ ಜಾಗಕ್ಕಾಗಿ ಕಾಯುತ್ತಿದ್ದ.

ಕೆಳಗಿನಿಂದ ಎರಡನೆಯದು ಅಂಬ್ರಪ್ಪನ ತಂಡ. ಅಂಬ್ರಪ್ಪ ಸತ್ತು ಐದು ತಿಂಗಳಾಗಿತ್ತು.

ಕಾಲುವೆಯಲ್ಲಿ ಹದಿನಾಲ್ಕು ದಿನ ನೀರು ಚಾಲೂ, ಎಂಟು ದಿನ ಬಂದ್. ಆ ಸುತ್ತಿನಲ್ಲಿ ಚೆಂಡು ಪುಟಿಯುವಂಥ ನುಣುಪು ಸಿಮೆಂಟು ಎಂದರೆ ಒಣಗಿದ ಕಾಲುವೆಯ ತಳವೊಂದೇ. ಬಂದ್ ದಿನಗಳಲ್ಲಿ ಅಂಬ್ರಪ್ಪ ಅಲ್ಲಿ ಕಬ್ಬಿಣದ ಕಂಬ ನಿಲ್ಲಿಸಿ, ರಿಂಗ್ ಬಿಗಿದು ಆಡುತ್ತಿದ್ದ. ಕಾಲುವೆ ಆಫೀಸಿನಲ್ಲಿ ಕ್ಲರ್ಕ್ ಆಗಿದ್ದ ಅಮರಪ್ಪ ನೀರು ಬರುವ ದಿನವನ್ನು ಗುಂಪಿಗೆ ತಿಳಿಸುತ್ತಿದ್ದ, ಹಿಂದಿನ ದಿನವೇ ಕಂಬ ಮೇಲೆ ಬರುತ್ತಿತ್ತು. ಅಕ್ಟೋಬರಿನ ಒಂದು ಬುಧವಾರ ನೀರು ಒಂದು ದಿನ ಮೊದಲೇ ಬಂತು. ಅವತ್ತೇ ಲೀಗಿಗೆ ಆಟಗಾರರನ್ನು ಆರಿಸುವ ದಿನ. ಅಂಬ್ರಪ್ಪ ಕಾಲುವೆಯ ತಳದಲ್ಲಿ ಕೂತುಕೊಂಡೇ ಎಂಟು ಜನರನ್ನು ಆರಿಸಿದ್ದ. ನೀರು ಕಂಡು ಕಂಬ ಉಳಿಸಲು ಹೋದವನು ಜಾರಿದ. ಇಳಿಜಾರು ಸಿಮೆಂಟು, ಕೈಗೆ ಹಿಡಿಯಲು ಒಂದು ಹುಲ್ಲುಕಡ್ಡಿಯೂ ಇಲ್ಲ. ಎರಡು ದಿನದ ಮೇಲೆ ಕೆಳಗಿನ ಗೇಟಿನಲ್ಲಿ ಸಿಕ್ಕ. ಉಳಿದ ಐವರು ಆಟಗಾರರನ್ನು ಆ್ಯಪ್ ತನಗೆ ತೋಚಿದಂತೆ ತುಂಬಿಕೊಂಡಿತ್ತು.

ನೀರು ಒಂದು ದಿನ ಹಿಂದೆ ಮುಂದೆ ಆಗುವುದೇ, ಯಾರನ್ನು ಅನ್ನುವುದು ಎಂದು ಊರು ಕೈ ತೊಳೆದುಕೊಂಡಿತು. ಗುಂಪಿನವರು ಸತ್ತವನ ತಂಡವನ್ನು ಯಾರೂ ಮುಟ್ಟಬಾರದು, ಇದ್ದಂತೆಯೇ ಇರಲಿ ಎಂದರು. ಡಿಸೆಂಬರಿನ ಹೊತ್ತಿಗೆ ಅದರ ನಾಲ್ವರು ಆಟಗಾರರು ಕಾಲು ಮುರಿದುಕೊಂಡು ಮಲಗಿದ್ದರೂ ಅಂಬ್ರಪ್ಪನ ತಂಡ ಕೊನೆಗೆ ಬೀಳಲಿಲ್ಲ. ಸತ್ತ ಎಮ್ಮೆಗೆ ಹತ್ತು ಸೇರು ಹಾಲು ಎಂದು ಯಾರಾದರೂ ಅಂದುಕೊಂಡಾರು, ಆದರೆ ದೇವಕಮ್ಮನಿಗೆ ಅದು ಗರ್ವದ ವಿಷಯ. ಮಣ್ಣಿನಲ್ಲಿ ಮಲಗಿದ ಅಣ್ಣ, ಕುರ್ಚಿಯಲ್ಲಿ ಕೂತ ಅಮರಪ್ಪನಿಗಿಂತ ಚೆನ್ನಾಗಿ ಆಡುತ್ತಿದ್ದಾನೆ ಎಂದು ಅವಳು ಅವ್ವನಿಗೂ ಹೇಳಿದ್ದಳು. ಅವ್ವ ಮರಿಲಿಂಗಮ್ಮನಿಗೆ ಆಟ ತಿಳಿಯದು, ಮಗನ ಹೆಸರು ಇನ್ನೂ ಎಲ್ಲೋ ಓಡಾಡುತ್ತಿದೆ ಎಂಬುದಷ್ಟೇ ತಿಳಿಯುತ್ತಿತ್ತು. ಸೋಮವಾರ ಸಂಜೆ ಮಗಳು ಬಂದ ಕೂಡಲೇ ಕೇಳುತ್ತಿದ್ದಳು, ಅವನು ಇದ್ದಾನೋ ಹೋದನೋ ಎಂದು.

ಅಮರಪ್ಪ ಗುರುವಾರ ಗುರುವಾರ ಕಾಲುವೆ ನೋಡಲು ಸಗರಕ್ಕೆ ಬರುತ್ತಿದ್ದ. ಶಾಲೆಯ ಕಂಪೌಂಡಿನ ಹತ್ತಿರ ಬೈಕ್ ನಿಲ್ಲಿಸಿ ಮಕ್ಕಳ ಆಟ ನೋಡುವನು, ಆಮೇಲೆ ಅವಳನ್ನು, ಆಮೇಲೆ ನೆಲವನ್ನು. ಇನ್ನೂ ಕೊನೆಯಲ್ಲೇ ಇದ್ದೀರಲ್ಲ ಎಂದು ಅವಳು ಛೇಡಿಸಿದರೆ ಅವನ ತುಟಿಯ ಒಂದು ತುದಿ ಮಾತ್ರ ಏಳುತ್ತಿತ್ತು. ಆ ಅರ್ಧ ನಗುವಿಗೆ ಅವಳ ಕುತ್ತಿಗೆ ಬಿಸಿಯಾಗುತ್ತಿತ್ತು. ಗುರುವಾರ ಬಂದರೆ ಅವಳು ಕಂಪೌಂಡಿನ ಕಡೆಗೇ ಮುಖ ಮಾಡಿ ಸೀಟಿ ಊದುವುದನ್ನು ಒಂಬತ್ತನೇ ತರಗತಿಯ ಹುಡುಗಿಯರು ಗಮನಿಸಿ, ತಮ್ಮ ತಮ್ಮಲ್ಲೇ ಮೊಣಕೈ ತಿವಿದುಕೊಳ್ಳುತ್ತಿದ್ದರು.

ಇಪ್ಪತ್ತನೇ ವಾರದ ಸೋಮವಾರ ಅವಳಿಗೆ ಬೈಯಲು ಹೊಸ ಮಾತು ಸಿಗಲಿಲ್ಲ. ಎಲ್ಲಾದರೂ ಸರಕು ಸಿಕ್ಕೀತು ಎಂದು ಮೊದಲ ಸಲ ಅಮರಪ್ಪನ ತಂಡವನ್ನು ತೆರೆದು ಒಬ್ಬೊಬ್ಬನನ್ನೇ ನೋಡಿದಳು. ಅವನ ಮೂವರು ಅತಿ ಒಳ್ಳೆಯ ಆಟಗಾರರು, ರಿಂಗಿನ ಕೆಳಗೆ ಆಡುವ ಎತ್ತರದ ಸೆಂಟರ್ ಸೇರಿ, ಬೆಂಚಿನಲ್ಲಿ ಕೂತಿದ್ದರು. ಹಿಂದಿನ ವಾರ ತೆರೆದಳು, ಅದರ ಹಿಂದಿನದನ್ನೂ ತೆರೆದಳು. ಎಲ್ಲ ವಾರವೂ ಒಳ್ಳೆಯವರು ಬೆಂಚಿನಲ್ಲಿ, ಗಾಯಗೊಂಡವರು ಅಂಗಳದಲ್ಲಿ. ಪ್ರತಿ ವಾರವೂ ಒಟ್ಟು ಲೆಕ್ಕದಲ್ಲಿ ಅವನು ಅಂಬ್ರಪ್ಪನಿಗಿಂತ ಮೂರೋ ಐದೋ ಪಾಯಿಂಟು ಕೆಳಗೆ, ಅದಕ್ಕಿಂತ ಹೆಚ್ಚು ಒಮ್ಮೆಯೂ ಇಲ್ಲ. ಭಾನುವಾರ ಬೆಳಿಗ್ಗೆ ಎದ್ದು, ಸತ್ತವನು ಎಷ್ಟು ಗಳಿಸುತ್ತಾನೆ ಎಂದು ನೋಡಿ, ಅದರ ಕೆಳಗೆ ತಾನು ಮಲಗುತ್ತಿದ್ದ. ಅಣ್ಣನ ಹೆಸರನ್ನು ತಂಗಿ ಕೊನೆಯ ಸ್ಥಾನಕ್ಕೆ ಬರೆಯುವಂತಾಗಬಾರದು, ಆ ತಂಡ ಅಳಿಸಿ ಹೋಗಬಾರದು ಎಂದು ತಾನೇ ಹೋಗಲು ನಿಂತಿದ್ದ.

ದೇವಕಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಐದು ತಿಂಗಳಲ್ಲಿ ಮೊದಲ ಸಲ ಆ ಅಳುವಿನ ತಳದಲ್ಲಿ ಸಂತೋಷವಿತ್ತು. ತನಗೆ ಅವನು ಬೇಕು ಎಂದು ಅವಳಿಗೆ ಅಲ್ಲಿಯೇ, ಮಕ್ಕಳು ಪದ್ಯ ಒದರುವ ಗದ್ದಲದಲ್ಲಿ, ಖಾತ್ರಿಯಾಯಿತು.

ಗುರುವಾರ ಅವನು ಬರುವುದನ್ನು ಕಾಯದೆ ತಾನೇ ಕಾಲುವೆಯ ಏರಿಗೆ ಹೋದಳು. ಬಂದ್ ವಾರ. ತಳದ ಕೆಸರು ಬಿಸಿಲಿಗೆ ಬಿರಿದಿತ್ತು. ಅಮರಪ್ಪ ಅಳತೆಪಟ್ಟಿಯ ಹತ್ತಿರ ನಿಂತು ಏನೋ ಬರೆದುಕೊಳ್ಳುತ್ತಿದ್ದ.

"ನಿಮ್ಮ ಸೆಂಟರ್ ಬೆಂಚಿನ್ಯಾಗ ಯಾಕ ಕುಂತಾನ?" ಎಂದು ಕೇಳಿದಳು.

"ಮರ್ತಿದ್ದೆರಿ."

"ಇಪ್ಪತ್ತು ವಾರ ಮರ್ತ್ರಿ?"

ಅವನು ಪುಸ್ತಕ ಮುಚ್ಚಿದ. ಅವಳು ಹತ್ತಿರ ಹೋಗಿ, ಅವನ ಅಂಗಿಯ ತೋಳಿಗೆ ಹತ್ತಿದ ಧೂಳನ್ನು ಎರಡು ಬೆರಳಿನಿಂದ ಕೊಡವಿದಳು. ಅಷ್ಟು ಹತ್ತಿರದಿಂದ ಅವನ ಕಣ್ಣಿನ ಕೆಳಗಿನ ಕಪ್ಪು ಕಂಡಿತು. ಇಷ್ಟು ವಾರ ಬೈದಿದ್ದಕ್ಕೆ ಬೇಜಾರಾಗಲಿಲ್ಲವೇ ಎಂದು ಕೇಳಿದಳು. ವಾರಕ್ಕೊಮ್ಮೆ ಅವಳಿಂದ ತನಗೆ ಸಿಗುತ್ತಿದ್ದದ್ದು ಆ ಬೈಗುಳವೊಂದೇ, ಅದಕ್ಕಾಗಿ ಸೋಮವಾರ ಊಟ ಬಿಟ್ಟು ಕಾಯುತ್ತಿದ್ದೆ ಎಂದು ಅವನು ಕಾಲುವೆಯ ಕಡೆ ನೋಡುತ್ತ ಹೇಳಿದ. ಅವಳು ನಕ್ಕಳು. ಅಣ್ಣ ಇದ್ದಿದ್ದರೆ ತಾನೇ ಮುಂದೆ ನಿಂತು ಈ ಮದುವೆ ಮಾಡಿಸುತ್ತಿದ್ದ ಎಂದುಬಿಟ್ಟಳು.

ಅಮರಪ್ಪನ ಮುಖ ಸುಟ್ಟ ಬದನೆಕಾಯಿಯಂತಾಯಿತು. ಅವನು ಎರಡು ಹೆಜ್ಜೆ ಹಿಂದೆ ಸರಿದ.

"ಆ ಬುಧವಾರ ನೀರು ಮೊದಲ ಬರತದ ಅಂತ ನನಗ ಮೂರು ಗಂಟೆಕ್ಕೇ ಗೊತ್ತಿತ್ತು" ಎಂದ. "ನಿಮ್ಮ ಅಣ್ಣಗ ತಿಳಸಬೇಕಂತ ಫೋನ್ ತಗೊಂಡೆ. ಅದರಾಗ ನನ್ನ ಸರದಿ ಬಂತು. ಒಬ್ಬ ಸೆಂಟರ್ ಉಳಿದಿದ್ದ, ನಾ ಬಿಟ್ಟರ ನಿಮ್ಮ ಅಣ್ಣ ತಗೋತಿದ್ದ. ಇದೊಂದು ಸರದಿ ಮುಗೀಲಿ, ಆಮ್ಯಾಲ ಹೇಳೂಣು ಅಂದ್ಕೊಂಡೆ. ಆಮ್ಯಾಲ ಇನ್ನೊಂದು ಸರದಿ ಬಂತು."

ಮುಂದೆ ಹೇಳಬೇಕಾಗಿರಲಿಲ್ಲ. ಒಂದು ಸಾಲು. ಅದನ್ನು ಕಳಿಸಿದ್ದರೆ ಅಂಬ್ರಪ್ಪ ಕಂಬ ಕಿತ್ತುಕೊಂಡು ಮೇಲೆ ಬಂದು, ಏರಿಯ ಮೇಲೆ ಕೂತು ಒಂಬತ್ತನೆಯವನನ್ನು ಆರಿಸುತ್ತಿದ್ದ.

ದೇವಕಮ್ಮ ಏರಿಯ ಕಲ್ಲಿನ ಮೇಲೆ ಕೂತಳು. ಈಗಷ್ಟೇ ಆ ತೋಳನ್ನು ಮುಟ್ಟಿದ ಬೆರಳುಗಳನ್ನು ಜಾಲಿ ಮರದ ಮುಳ್ಳು ಚುಚ್ಚಿದಂತೆ ಬಿಗಿಹಿಡಿದುಕೊಂಡಳು. ಆಮೇಲೆ ಕೇಳಿದಾಗ ಬಾಯಲ್ಲಿ ಮರ್ಯಾದೆಯ ಮಾತು ಉಳಿದಿರಲಿಲ್ಲ.

"ಹಂಗಾರ ಇದು ಏನು? ನನ್ನ ಮ್ಯಾಲಿನ ಪ್ರೀತಿನೋ, ನಿನ್ನ ಪಾಪ ತೊಳಕೊಳ್ಳೋದೋ?"

"ಪ್ರೀತಿ ಕಾಲೇಜಿನಾಗಿಂದ ಅದ. ಪಾಪ ಆಮ್ಯಾಲ ಬಂತು. ಈಗ ಎರಡೂ ಕಲಸಿ ಹೋಗ್ಯಾವ, ಬ್ಯಾರಿ ಮಾಡಾಕ ನನಗ ಬರಂಗಿಲ್ಲ."

ಅವಳು ಎದ್ದು ಹೋದಳು. ಮುಂದಿನ ಸೋಮವಾರ ಗುಂಪಿನಲ್ಲಿ ಪಟ್ಟಿ ಬರಲಿಲ್ಲ. ಟೀಚರ್‌ಗೆ ಆರಾಮಿಲ್ಲವೇ ಎಂದು ಎಲ್ಲರೂ ಕೇಳಿದರು, ಅಮರಪ್ಪ ಒಬ್ಬ ಕೇಳಲಿಲ್ಲ. ಗುರುವಾರ ಕಂಪೌಂಡಿನ ಹತ್ತಿರ ಬೈಕೂ ನಿಲ್ಲಲಿಲ್ಲ. ಅವಳು ಅವನನ್ನು ಮನಸ್ಸು ತುಂಬ ಶಪಿಸಿದಳು. ಶಪಿಸಿ ಮುಗಿದ ಮೇಲೂ ಕಣ್ಣು ಕಂಪೌಂಡಿನ ಕಡೆಗೇ ಹೋಗುತ್ತಿತ್ತು, ಅದಕ್ಕಾಗಿ ತನ್ನನ್ನೂ ಶಪಿಸಿಕೊಂಡಳು. ಆ ಮಾತನ್ನು ಅವನು ಹೇಳದೆ ಇದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಅವಳನ್ನು ಮದುವೆಯಾಗಿ ಸುಖವಾಗಿರಬಹುದಿತ್ತು ಎಂಬುದು ಅವಳನ್ನು ನಿದ್ದೆಗೆ ಬಿಡಲಿಲ್ಲ.

ಕೊನೆಯ ವಾರ ಶುರುವಾಗುವ ಹಿಂದಿನ ದಿನ ಅವನಿಗೆ ಫೋನ್ ಮಾಡಿದಳು. ಈ ವಾರ ಒಳ್ಳೆಯ ಆಟಗಾರರನ್ನು ಇಳಿಸು ಎಂದಳು. ಹಾಗೆ ಮಾಡಿದರೆ ಅಂಬ್ರಪ್ಪನ ತಂಡ ಕೊನೆಗೆ ಬಿದ್ದು ಅಳಿಸಿ ಹೋಗುತ್ತದೆ, ತನ್ನ ಕೈಯಿಂದ ಇನ್ನೊಮ್ಮೆ ಅದು ಆಗದು ಎಂದು ಅವನು ಗೋಗರೆದ.

"ನಮ್ಮ ಅಣ್ಣ ಯಾರ ಭಿಕ್ಷಾದ ಮ್ಯಾಲೂ ಗೆದ್ದಾವಲ್ಲ" ಎಂದಳು. "ನಿನ್ನ ಪಾಪದ ಮ್ಯಾಲ ಅವನ ಹೆಸರು ನಿಲ್ಲಬ್ಯಾಡ. ಖರೇ ಆಡು. ಸೋಮವಾರ ಮನಿಗಿ ಬಂದು ನಮ್ಮವ್ವನ ಮುಂದ ಎಲ್ಲಾ ಹೇಳು."

"ನೀವು ಮಾಫಿ ಮಾಡ್ತೀರೇನು?"

"ಮಾಫಿ ಇನ್ನಾ ಬಂದಿಲ್ಲ. ಬಂದರ ಹೇಳತೀನಿ."

ಅಮರಪ್ಪ ಖರೇ ಆಡಿದ. ಇಪ್ಪತ್ತೊಂದು ವಾರ ಬೆಂಚಿನಲ್ಲಿ ಕೂತು ಬೇಸತ್ತ ಮೂವರೂ ಅಂಗಳಕ್ಕಿಳಿದು ಸುರಿಮಳೆಗರೆದರು. ಅಂಬ್ರಪ್ಪನ ತಂಡದಲ್ಲಿ ಅಷ್ಟು ಹೊತ್ತಿಗೆ ಎದ್ದು ಓಡಾಡುವವರೇ ಐದು ಜನ. ಭಾನುವಾರ ಮಧ್ಯಾಹ್ನಕ್ಕೆ ಅದು ಎಲ್ಲರಿಗಿಂತ ಕೆಳಗೆ ಬಂತು.

ಸೋಮವಾರ ಸಂಜೆ ಅಮರಪ್ಪ ಮನೆಯ ಕಟ್ಟೆಯ ಕೆಳಗೆ ಚಪ್ಪಲಿ ಬಿಟ್ಟು, ನಿಂತುಕೊಂಡೇ ಮರಿಲಿಂಗಮ್ಮನಿಗೆ ಎಲ್ಲವನ್ನೂ ಹೇಳಿದ. ಮೂರು ಗಂಟೆ, ಫೋನು, ಸರದಿ, ಒಂದನ್ನೂ ಬಿಡಲಿಲ್ಲ. ಮುದುಕಿ ಅಕ್ಕಿ ಆರಿಸುವ ಮೊರವನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕೇಳಿದಳು.

"ಅವಾ ಕೂಗಿದ್ನೇನು?" ಎಂದಳು.

"ನಾ ಅಲ್ಲಿ ಇರಲಿಲ್ಲ, ಯವ್ವ."

ಮರಿಲಿಂಗಮ್ಮ ಮೊರ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಗಳಿ ಜಾರಿದ ಸದ್ದು ಕೇಳಿತು. ಮಗಳು ಹೊರಗೇ ಉಳಿದಿದ್ದಳು. ಅವನು ಚಪ್ಪಲಿ ಮೆಟ್ಟಲು ಬಗ್ಗಿದ.

ದೇವಕಮ್ಮ ಅವನನ್ನು ನೋಡದೆ ಕಟ್ಟೆಯ ಮೇಲೆ ಕೂತು ಫೋನ್ ತೆಗೆದಳು. ಅಣ್ಣನ ಹೆಸರು ಬರೆಯುವಾಗ ಬೆರಳು ಎರಡು ಸಲ ನಿಂತಿತು. "ಕೊನೆಯ ಸ್ಥಾನ: ಅಂಬ್ರಪ್ಪನ ತಂಡ. ಮಾಲಕ ಇಲ್ಲದ ಇಷ್ಟು ದಿನ ನಿಂತಿತ್ತು. ಇನ್ನ ಸಾಕು, ಅಣ್ಣ." ಮುಂದಿನ ಸಾಲಿಗೆ ಅಮರಪ್ಪನ ಹೆಸರು ಹಾಕಿದಳು, ಅದರ ಮುಂದೆ ಏನೂ ಬರೆಯಲಿಲ್ಲ. ಪಟ್ಟಿ ಹೋಯಿತು. ಮೂರು ಮೊಳ ದೂರದಲ್ಲಿ ಅವನ ಜೇಬಿನಲ್ಲಿ ಫೋನ್ ಗುಂಯ್‌ಗುಟ್ಟಿತು. ಅವನು ತೆಗೆದು ಓದಿದ.

"ನಾಳಿ ಬಾ" ಎಂದಳು ದೇವಕಮ್ಮ. "ಅವ್ವ ನಾಳಿನೂ ಬಾಗಿಲ ತೆಗಿಯಂಗಿಲ್ಲ. ನಾಡದ್ದೂ ಬಾ. ತೆಗಿಯೋ ತನಕ ನಿನ್ನ ಜೋಡಿ ನಾನೂ ಹೊರಗ ಕುಂದರತೀನಿ."